ರಸ್ತೆಬದಿಯ ಉಸಿರು: ಕೊಳವೆಯೋ, ಕೈಯೋ?

ತಲೆಗೆ ಪೆಟ್ಟು ಬಿದ್ದು ರಸ್ತೆಯ ಮೇಲೆ ಅಂಗಾತ ಮಲಗಿದವನು ಗೊರಕೆ ಹೊಡೆಯುತ್ತಿದ್ದರೆ ಸುತ್ತ ನಿಂತವರಿಗೆ ಸಮಾಧಾನ. "ಉಸಿರಾಡ್ತಿದ್ದಾನೆ, ಏನೂ ಆಗಲ್ಲ" ಎನ್ನುತ್ತಾರೆ. ಆ ಗೊರಕೆ ನಿದ್ದೆಯದಲ್ಲ. ಪ್ರಜ್ಞೆ ತಪ್ಪಿದಾಗ ದವಡೆಯ ಸ್ನಾಯುಗಳು ಸಡಿಲಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲಿನ ಹಿಂಗೋಡೆಗೆ ಆತುಕೊಳ್ಳುತ್ತದೆ, ಉಳಿದ ಸಣ್ಣ ಸಂದಿಯಲ್ಲಿ ಗಾಳಿ ನುಸುಳಲು ಹೆಣಗುವಾಗ ಆ ಸದ್ದು ಹುಟ್ಟುತ್ತದೆ. ಗೊಳಗೊಳ ಎಂದರೆ ಗಂಟಲಲ್ಲಿ ರಕ್ತವೋ ವಾಂತಿಯೋ ನಿಂತಿದೆ. ಎದೆ ಹೊಟ್ಟೆ ಏರಿಳಿಯುತ್ತಿದ್ದೂ ಸದ್ದೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ಗಾಳಿ ಒಳಗೆ ಹೋಗುತ್ತಲೇ ಇಲ್ಲ. ಆಕ್ಸಿಜನ್ ಪೂರ್ತಿ ನಿಂತರೆ ಮಿದುಳು ತಾಳುವುದು ನಾಲ್ಕೈದು ನಿಮಿಷ. ಎಷ್ಟೇ ಚುರುಕಾದ ಆಂಬುಲೆನ್ಸ್‌ಗೂ ಅಷ್ಟರಲ್ಲಿ ಬಂದು ಮುಟ್ಟುವುದು ಕಷ್ಟ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕ ಹೇಳುತ್ತದೆ. ಕರ್ನಾಟಕದ ಪಾಲು 11 ಸಾವಿರ ದಾಟಿತ್ತು. ದೇಶದಲ್ಲಿ ಸತ್ತವರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ದ್ವಿಚಕ್ರ ವಾಹನ ಎಂದಮೇಲೆ ತಲೆಯ ಗಾಯ, ತಲೆಯ ಗಾಯ ಎಂದಮೇಲೆ ಉಸಿರಿನ ದಾರಿಯ ಪ್ರಶ್ನೆ. ಗಾಯಾಳು ಆಸ್ಪತ್ರೆ ಸೇರುವ ಮುಂಚೆ ಆ ದಾರಿಯನ್ನು ತೆರೆದಿಡುವುದು ಯಾರು, ಹೇಗೆ, ಯಾವ ಸಾಧನದಿಂದ? ತುರ್ತು ವೈದ್ಯಕೀಯದಲ್ಲಿ ದಶಕಗಳಿಂದ ನಡೆಯುತ್ತಿರುವ ದೊಡ್ಡ ಜಗಳಗಳಲ್ಲಿ ಇದೂ ಒಂದು.

ಜಗಳಕ್ಕೆ ಇಳಿಯುವ ಮೊದಲು ಅದರ ಅಳತೆ ತಿಳಿದಿರುವುದು ಒಳ್ಳೆಯದು. 2001ರಿಂದ 2011ರವರೆಗೆ ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಸತ್ತ 4,596 ಅಮೆರಿಕನ್ ಯೋಧರ ಸಾವುಗಳನ್ನು ಅಮೆರಿಕದ ಸೇನಾ ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಸತ್ತವರಲ್ಲಿ 976 ಮಂದಿಯನ್ನು ಬಹುಶಃ ಉಳಿಸಬಹುದಿತ್ತು ಎಂದು ಅವರ ತೀರ್ಮಾನ. ಆ ಸಾವುಗಳಲ್ಲಿ ಶೇ 90ರಷ್ಟಕ್ಕೆ ರಕ್ತಸ್ರಾವ ಕಾರಣ, ಶೇ 8ರಷ್ಟಕ್ಕೆ ಉಸಿರಿನ ದಾರಿ ಮುಚ್ಚಿದ್ದು. ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ನಿಲ್ಲಿಸಬೇಕು, ಉಸಿರು ಆಮೇಲೆ ಎಂಬ ಇಂದಿನ ಕ್ರಮ ಹುಟ್ಟಿದ್ದು ಇಂಥ ಲೆಕ್ಕಗಳಿಂದಲೇ. ಹಾಗೆಂದು ಹೆದ್ದಾರಿಯ ಗಾಯ ಗುಂಡೇಟಿನ ಗಾಯವಲ್ಲ. ಬೈಕಿನಿಂದ ಬಿದ್ದವನಿಗೆ ಹೊರಗೆ ರಕ್ತ ಕಾಣದೆಯೂ ಮಿದುಳು ಉಸಿರುಗಟ್ಟಬಹುದು. ಹಾಗಾಗಿ ನಮ್ಮಲ್ಲಿ ಎರಡನೆಯ ಸ್ಥಾನವೂ ಚಿಕ್ಕದೇನಲ್ಲ.

ಈಗ ಜಗಳ. ಅರಿವಳಿಕೆ ತಜ್ಞರಿಗೆ ಶ್ವಾಸನಾಳದೊಳಗೆ ಕೊಳವೆ ಇಳಿಸುವುದು ನಿತ್ಯದ ಕೆಲಸ. ಬಾಯೊಳಗೆ ಲ್ಯಾರಿಂಗೋಸ್ಕೋಪ್ ಹಾಕಿ, ನಾಲಿಗೆಯನ್ನು ಬದಿಗೊತ್ತಿ, ಧ್ವನಿತಂತುಗಳ ನಡುವೆ ಕೊಳವೆ ತೂರಿಸಿ, ಅದರ ತುದಿಯ ಬಲೂನಿಗೆ ಗಾಳಿ ತುಂಬಿದರೆ ದಾರಿ ಭದ್ರ. ವಾಂತಿ ಶ್ವಾಸಕೋಶಕ್ಕೆ ಇಳಿಯುವುದಿಲ್ಲ, ಒತ್ತಿದ ಗಾಳಿ ಹೊಟ್ಟೆಗೆ ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಆದರೆ ಆಪರೇಷನ್ ಥಿಯೇಟರಿನ ರೋಗಿ ಹಿಂದಿನ ರಾತ್ರಿಯಿಂದ ಉಪವಾಸ ಇದ್ದವನು. ತಲೆಯ ಮೇಲೆ ದೀಪ, ಸೊಂಟದ ಎತ್ತರಕ್ಕೆ ಮೇಜು, ಪಕ್ಕದಲ್ಲಿ ಸಹಾಯಕ. ರಸ್ತೆಯ ರೋಗಿ ಡಾಬಾದಲ್ಲಿ ಊಟ ಮುಗಿಸಿ ಹೊರಟವನು, ಬಾಯ್ತುಂಬ ರಕ್ತ, ಕತ್ತಿನ ಮೂಳೆ ಮುರಿದಿರುವ ಸಂಶಯ. ಅವನು ಬಿದ್ದಿರುವುದು ಚರಂಡಿಯ ಪಕ್ಕದಲ್ಲಿ. ಅಲ್ಲಿ ಮಂಡಿಯೂರಿ ಅವನ ಬಾಯೊಳಗೆ ಇಣುಕಬೇಕು. ಬೆಳಕು ಬೇಕೆಂದರೆ ಯಾರಾದರೂ ಮೊಬೈಲ್ ಟಾರ್ಚ್ ಹಿಡಿಯಬೇಕು.

ಇಷ್ಟಾದರೂ ಈ ವಿದ್ಯೆ ರಸ್ತೆಗೆ ಬಂದದ್ದರ ಹಿಂದೆ ದೊಡ್ಡ ಕನಸೊಂದಿತ್ತು. ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಕ್ರಮವನ್ನು 1950ರ ದಶಕದಲ್ಲಿ ಪ್ರಯೋಗಗಳಿಂದ ಸಾಧಿಸಿ ತೋರಿಸಿದ ಪೀಟರ್ ಸಫರ್ ಅರಿವಳಿಕೆ ತಜ್ಞ. 1967ರಲ್ಲಿ ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡ ಬಡಾವಣೆಯ ಯುವಕರಿಗೆ ತರಬೇತಿ ಕೊಟ್ಟು ಫ್ರೀಡಂ ಹೌಸ್ ಆಂಬುಲೆನ್ಸ್ ಕಟ್ಟಿದವರಲ್ಲಿ ಅವರೂ ಒಬ್ಬರು. ಕೆಲಸವಿಲ್ಲದ ಯುವಕರೂ ಡಾಕ್ಟರ ವಿದ್ಯೆಯನ್ನು ಬೀದಿಯಲ್ಲಿ ಸಮರ್ಥವಾಗಿ ಮಾಡಬಲ್ಲರು ಎಂದು ಅವರು ತೋರಿಸಿಕೊಟ್ಟರು. ಮುಂದಿನ ಎರಡು ದಶಕಗಳಲ್ಲಿ ಕೊಳವೆ, ಆಂಬುಲೆನ್ಸಿನಲ್ಲಿ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಎಂಬ ವೃತ್ತಿಯ ಪ್ರತಿಷ್ಠೆಯ ಗುರುತಾಯಿತು. ಪ್ರತಿಷ್ಠೆಯಾದ ಮೇಲೆ ಪ್ರಶ್ನಿಸುವವರು ಕಡಿಮೆ.

ಮೊದಲ ದೊಡ್ಡ ಪ್ರಶ್ನೆ ಬಂದದ್ದು ಕ್ಯಾಲಿಫೋರ್ನಿಯಾದಿಂದ. ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳಲ್ಲಿ 830 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಮುಖಕ್ಕೊತ್ತುವ ಮಾಸ್ಕ್ ಮತ್ತು ಕೈಯಿಂದ ಒತ್ತಿ ಗಾಳಿ ಕೊಡುವ ಬ್ಯಾಗ್, ಇನ್ನೊಂದಕ್ಕೆ ಅದರ ಜೊತೆಗೆ ಕೊಳವೆ ಎಂದು ನಿಗದಿ ಮಾಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಾಸ್ಕ್ ಗುಂಪಿನಲ್ಲಿ ಶೇ 30, ಕೊಳವೆ ಗುಂಪಿನಲ್ಲಿ ಶೇ 26 ಮಕ್ಕಳು ಬದುಕಿದರು. ಕೊಳವೆಯಿಂದ ಲಾಭ ಕಾಣಲಿಲ್ಲ. ಇವರೆಲ್ಲ ಅಪಘಾತದ ಮಕ್ಕಳಲ್ಲ, ಎಲ್ಲ ಬಗೆಯ ತುರ್ತಿನವರೂ ಇದ್ದರು ಎಂಬುದು ನಿಜ. ಆದರೂ ಪ್ಯಾರಾಮೆಡಿಕ್‌ಗಳ ಲೋಕಕ್ಕೆ ಅದು ಕಪಾಳಮೋಕ್ಷ.

ಮರುವರ್ಷ ಫ್ಲಾರಿಡಾದ ಆರ್ಲ್ಯಾಂಡೋದಿಂದ ಬಂದ ವರದಿ ಇನ್ನೂ ಕಟುವಾಗಿತ್ತು. ಆಂಬುಲೆನ್ಸಿನಲ್ಲಿ ಕೊಳವೆ ಹಾಕಿಸಿಕೊಂಡು ಆಸ್ಪತ್ರೆಗೆ ಬಂದ 108 ರೋಗಿಗಳನ್ನು ಬಾಗಿಲಲ್ಲೇ ಪರೀಕ್ಷಿಸಿದಾಗ 27 ಮಂದಿಯ ಕೊಳವೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹೆಚ್ಚಿನವರಲ್ಲಿ ಅದು ಅನ್ನನಾಳದಲ್ಲಿತ್ತು. ಅಂದರೆ ದಾರಿಯುದ್ದಕ್ಕೂ ಹೊಟ್ಟೆಗೆ ಆಕ್ಸಿಜನ್ ಒತ್ತಿದ್ದರು. ಅದೇ ಪ್ರದೇಶದಲ್ಲಿ 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಮದ್ದನ್ನೂ ಹೇಳಿತು. ರೋಗಿ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಎಡೆಬಿಡದೆ ಅಳೆಯುವ ಕ್ಯಾಪ್ನೋಗ್ರಾಫ್ ಬಳಸಿದ 93 ಮಂದಿಯಲ್ಲಿ ಒಬ್ಬರಿಗೂ ಗೊತ್ತಾಗದ ಹಾಗೆ ತಪ್ಪು ಜಾಗದಲ್ಲಿ ಕೊಳವೆ ಉಳಿಯಲಿಲ್ಲ. ಬಳಸದ 60 ಮಂದಿಯಲ್ಲಿ 14 ಮಂದಿಗೆ ಉಳಿಯಿತು. ಶ್ವಾಸಕೋಶದಿಂದ ಆ ಅನಿಲ ಬರುತ್ತದೆ, ಹೊಟ್ಟೆಯಿಂದ ಬರುವುದಿಲ್ಲ. ಪರದೆಯ ಮೇಲೆ ಅಲೆ ಏಳದಿದ್ದರೆ ಕೊಳವೆ ತೆಗೆ ಎಂಬುದು ಇಂದು ವಾದಕ್ಕೆ ಎಡೆಯಿಲ್ಲದ ನಿಯಮ. ಈ ಇಡೀ ಕ್ಷೇತ್ರದಲ್ಲಿ ಇಷ್ಟು ನಿಸ್ಸಂದೇಹವಾದ ಸಂಗತಿ ಬಹುಶಃ ಇನ್ನೊಂದಿಲ್ಲ.

ತಲೆಯ ಗಾಯದ ರೋಗಿಯ ತೊಡಕು ಬೇರೆ. ಮಿದುಳಿಗೆ ಏಟು ಬಿದ್ದವನ ದವಡೆ ಅನೇಕ ಸಲ ಬಿಗಿದುಕೊಂಡಿರುತ್ತದೆ, ಗಂಟಲಿಗೆ ಏನಾದರೂ ತಾಗಿದರೆ ಓಕರಿಸುತ್ತಾನೆ. ಕೊಳವೆ ಹಾಕಬೇಕೆಂದರೆ ಮೊದಲು ನಿದ್ದೆಯ ಮದ್ದು, ಹಿಂದೆಯೇ ಸ್ನಾಯುಗಳನ್ನು ಪೂರ್ತಿ ಸಡಿಲಿಸುವ ಮದ್ದು ಕೊಡಬೇಕು. ಎರಡನೆಯದನ್ನು ಕೊಟ್ಟ ಕ್ಷಣದಿಂದ ರೋಗಿ ತಾನಾಗಿ ಉಸಿರಾಡುವುದಿಲ್ಲ. ಅಲ್ಲಿಂದ ಹಿಂದೆ ಬರುವ ದಾರಿಯಿಲ್ಲ. ಹಾಗಾದರೆ ಮದ್ದಿಲ್ಲದೆ ಹಾಕಿದರಾಗದೇ? ಲಂಡನ್‌ನ ಹೆಲಿಕಾಪ್ಟರ್ ಸೇವೆಯವರು 2001ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅರಿವಳಿಕೆಯಿಲ್ಲದೆ ಕೊಳವೆ ಹಾಕಲಾದ, ಕೊನೆಗೆ ಏನಾಯಿತು ಎಂದು ತಿಳಿದುಬಂದ 486 ಅಪಘಾತದ ರೋಗಿಗಳಲ್ಲಿ ಬದುಕಿದವರು ಒಬ್ಬರು. ಒಬ್ಬರೇ. ಮದ್ದಿಲ್ಲದೆ ಕೊಳವೆ ಹೋಗುವಷ್ಟು ಗಂಟಲು ಸತ್ತಿದ್ದರೆ ಆ ವ್ಯಕ್ತಿಯೂ ಆಗಲೇ ಹೋಗಿಬಿಟ್ಟಿರುತ್ತಾನೆ.

ಮದ್ದು ಕೊಟ್ಟು ಹಾಕಿದರೆ? ಸ್ಯಾನ್ ಡಿಯಾಗೋದಲ್ಲಿ ಪ್ಯಾರಾಮೆಡಿಕ್‌ಗಳಿಗೆ ಆ ಅಧಿಕಾರ ಕೊಟ್ಟು ನೋಡಿದರು. ಹಿಂದಿನ ವರ್ಷಗಳ ಅದೇ ಬಗೆಯ ತಲೆಗಾಯದ ರೋಗಿಗಳೊಂದಿಗೆ ಹೋಲಿಸಿ 2003ರಲ್ಲಿ ಲೆಕ್ಕ ಹಾಕಿದಾಗ, ಕೊಳವೆ ಹಾಕಿದವರಲ್ಲಿ ಶೇ 33, ಹೋಲಿಕೆಯ ಗುಂಪಿನಲ್ಲಿ ಶೇ 24 ಸಾವು. ಯಾಕೆ ಹೀಗಾಯಿತು ಎಂದು ಮಾನಿಟರಿನ ದಾಖಲೆ ತೆರೆದು ನೋಡಿದರು. ದಾಖಲೆ ಸಿಕ್ಕ 54 ಮಂದಿಯಲ್ಲಿ 31 ಮಂದಿಯ ರಕ್ತದ ಆಕ್ಸಿಜನ್ ಕೊಳವೆ ಹಾಕುವಾಗ ಪಾತಾಳಕ್ಕಿಳಿದಿತ್ತು. ಗಮನಿಸಬೇಕಾದದ್ದು ಇದು: ಆ 31ರಲ್ಲಿ 26 ಸಲ ಕೊಳವೆ ಹಾಕಿದವರು "ಸುಲಭವಾಗಿ ಆಯ್ತು" ಎಂದೇ ಹೇಳಿದ್ದರು. ಕಣ್ಣು ಗಂಟಲಲ್ಲಿ ನೆಟ್ಟಿದ್ದಾಗ ಸಮಯ ಹೇಗೆ ಜಾರುತ್ತದೆ ಎಂಬುದು ಹಾಕುವವನಿಗೆ ತಿಳಿಯುವುದಿಲ್ಲ. ಕೊಳವೆ ಹಾಕಿದ ಮೇಲೆ ಗಾಬರಿಯಲ್ಲಿ ಬ್ಯಾಗನ್ನು ಜೋರಾಗಿ ಒತ್ತಿದ್ದು ಇನ್ನೊಂದು ಪೆಟ್ಟು. ಉಸಿರು ಹೆಚ್ಚಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದರೆ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ, ಮೊದಲೇ ಹಸಿದ ಮಿದುಳಿಗೆ ರಕ್ತ ಇನ್ನೂ ಕಡಿಮೆ.

ಇಲ್ಲಿಗೇ ನಿಲ್ಲಿಸಿದ್ದರೆ ತೀರ್ಪು ಸುಲಭವಿತ್ತು. ಆದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 312 ತಲೆಗಾಯದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ರಸ್ತೆಯಲ್ಲೇ ಮದ್ದು ಕೊಟ್ಟು ಕೊಳವೆ, ಇನ್ನೊಂದಕ್ಕೆ ಆಸ್ಪತ್ರೆಗೆ ಹೋದ ಮೇಲೆ ಎಂದು ಮಾಡಿದ ಅಧ್ಯಯನ 2010ರಲ್ಲಿ ಹೊರಬಂತು. ಆರು ತಿಂಗಳ ನಂತರ ಒಳ್ಳೆಯ ಸ್ಥಿತಿಯಲ್ಲಿ ಇದ್ದವರು ಮೊದಲ ಗುಂಪಿನಲ್ಲಿ ಶೇ 51, ಎರಡನೆಯದರಲ್ಲಿ ಶೇ 39. ಅದೇ ಕೊಳವೆ, ಅದೇ ಬಗೆಯ ಮದ್ದು, ಫಲ ಮಾತ್ರ ತಲೆಕೆಳಗು. ಅಲ್ಲಿ ಕೊಳವೆ ಹಾಕಿದವರು ತೀವ್ರ ನಿಗಾ ತರಬೇತಿ ಪಡೆದ ಆಯ್ದ ಪ್ಯಾರಾಮೆಡಿಕ್‌ಗಳು. ಕ್ಯಾಪ್ನೋಗ್ರಾಫ್ ಕಡ್ಡಾಯವಿತ್ತು, ರಕ್ತದೊತ್ತಡ ಬೀಳದಂತೆ ಡ್ರಿಪ್ ಕೊಡುತ್ತಿದ್ದರು, ಕೈಗೂಡದಿದ್ದರೆ ಏನು ಮಾಡಬೇಕೆಂಬ ಕ್ರಮ ಮೊದಲೇ ಗೊತ್ತಿತ್ತು. ಅಷ್ಟಿದ್ದೂ ರಸ್ತೆಯಲ್ಲೇ ಹೃದಯ ನಿಂತವರ ಸಂಖ್ಯೆ ಕೊಳವೆಯ ಗುಂಪಿನಲ್ಲೇ ಹೆಚ್ಚಿತ್ತು ಎಂಬುದನ್ನೂ ಮರೆಯಬಾರದು. ಡಾಕ್ಟರನ್ನೇ ಸ್ಥಳಕ್ಕೆ ಒಯ್ಯುವ ಲಂಡನ್ ಹೆಲಿಕಾಪ್ಟರ್ ಸೇವೆ 2014ರಲ್ಲಿ ತನ್ನ 7,256 ರೋಗಿಗಳ ದಾಖಲೆ ಬಿಚ್ಚಿಟ್ಟಾಗ ಯಶಸ್ಸು ಶೇ 99.3. ಬ್ರಿಟನ್‌ನ 2016ರ ಮಾರ್ಗಸೂಚಿ, ತಾನಾಗಿ ಉಸಿರಿನ ದಾರಿ ಕಾಪಾಡಿಕೊಳ್ಳಲಾಗದ ಗಾಯಾಳುವಿಗೆ ಕರೆ ಬಂದ 45 ನಿಮಿಷದೊಳಗೆ, ಸಾಧ್ಯವಾದರೆ ಸ್ಥಳದಲ್ಲೇ, ಮದ್ದು ಕೊಟ್ಟು ಕೊಳವೆ ಹಾಕಬೇಕು ಎನ್ನುತ್ತದೆ. ಅಂಥ ತಂಡ ಇರುವ ಊರಿಗೆ ಅದು ಸರಿ.

ಇನ್ನೊಂದು ತುದಿಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಲೆಕ್ಕ ಇದೆ. 2003ರಲ್ಲಿ ಅಲ್ಲಿ ಕೊಳವೆ ಹಾಕಲು ಅರ್ಹತೆಯಿದ್ದ ಐದು ಸಾವಿರ ಚಿಲ್ಲರೆ ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ನಡುವಿನವನು ಇಡೀ ವರ್ಷದಲ್ಲಿ ಹಾಕಿದ್ದು ಒಂದು ಕೊಳವೆ. ವರ್ಷಕ್ಕೊಮ್ಮೆ ಹೊಲಿಗೆ ಹಾಕುವ ಸರ್ಜನ್ ಹತ್ತಿರ ಯಾರೂ ಹೋಗುವುದಿಲ್ಲವಲ್ಲ? ಹಾಗಾಗಿ ಕೊಳವೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ನನಗೆ ಹುರುಳಿಲ್ಲದ್ದಾಗಿ ಕಾಣುತ್ತದೆ. ಕೇಳಬೇಕಾದದ್ದು ಯಾರು, ತಿಂಗಳಿಗೆ ಎಷ್ಟು ಸಲ, ಯಾವ ಮಾನಿಟರ್ ಇಟ್ಟುಕೊಂಡು ಹಾಕುತ್ತಾರೆ ಎಂಬುದನ್ನು.

ಸಾಧನದ ಮೋಹ ಬಿಟ್ಟು ಮಿದುಳಿನ ಕಡೆಯಿಂದ ನೋಡಿದ ಕೆಲಸವೆಂದರೆ ಅರಿಜೋನಾದ್ದು. ಅಲ್ಲಿನ 13 ಸಾವಿರಕ್ಕೂ ಹೆಚ್ಚು ತಲೆಗಾಯದ ರೋಗಿಗಳ ದಾಖಲೆ ಹೀಗಿತ್ತು: ಆಸ್ಪತ್ರೆ ಮುಟ್ಟುವ ಮುನ್ನ ಆಕ್ಸಿಜನ್ ಆಗಲಿ ರಕ್ತದೊತ್ತಡವಾಗಲಿ ಇಳಿಯದವರಲ್ಲಿ ಸಾವು ಶೇ 5.6. ರಕ್ತದೊತ್ತಡ ಮಾತ್ರ ಇಳಿದಿದ್ದರೆ ಶೇ 20.7, ಆಕ್ಸಿಜನ್ ಮಾತ್ರ ಇಳಿದಿದ್ದರೆ ಶೇ 28.1, ಎರಡೂ ಇಳಿದಿದ್ದರೆ ಶೇ 43.9. ಆಮೇಲೆ ರಾಜ್ಯದ ಆಂಬುಲೆನ್ಸ್ ಸಿಬ್ಬಂದಿಗೆ ಮೂರೇ ಪಾಠ ಕಲಿಸಿದರು: ಆಕ್ಸಿಜನ್ ಇಳಿಯಗೊಡಬೇಡಿ, ರಕ್ತದೊತ್ತಡ ಬೀಳಗೊಡಬೇಡಿ, ಉಸಿರನ್ನು ಅತಿಯಾಗಿ ಒತ್ತಬೇಡಿ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಬದಲಾಗಲಿಲ್ಲ, ಆದರೆ ತೀವ್ರ ತಲೆಗಾಯದವರು ಬದುಕುಳಿಯುವ ಸಾಧ್ಯತೆ ಎರಡರಷ್ಟಾಗಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ.

ರಕ್ತದೊತ್ತಡದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗಾಯಾಳುವಿಗೆ ನಿದ್ದೆಯ ಮದ್ದು ಕೊಟ್ಟು, ಕೊಳವೆ ಹಾಕಿ, ಗಾಳಿ ಒತ್ತಿದರೆ ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ಮರಳುವ ರಕ್ತ ಇಳಿಯುತ್ತದೆ, ಉಳಿದಿದ್ದ ನಾಡಿಯೂ ನಿಲ್ಲಬಹುದು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪಕದಲ್ಲಿ ಅಂಕ ಎಂಟಕ್ಕಿಳಿದರೆ ಕೊಳವೆ ಹಾಕು ಎಂದು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವವರು ಈ ಅರ್ಧವನ್ನು ಹೇಳಲು ಮರೆಯುತ್ತಾರೆ.

ಕೈಗೆ ಬರೋಣ. ದವಡೆಯ ಎರಡೂ ಮೂಲೆಗಳ ಹಿಂದೆ, ಕಿವಿಯ ಕೆಳಗೆ, ಬೆರಳಿಟ್ಟು ಕೆಳದವಡೆಯನ್ನು ಮೇಲಕ್ಕೆ ಮುಂದಕ್ಕೆ ಎತ್ತಬೇಕು, ಮೇಜಿನ ಡ್ರಾಯರ್ ಹೊರಗೆಳೆದ ಹಾಗೆ. ನಾಲಿಗೆ ದವಡೆಗೆ ಅಂಟಿಕೊಂಡಿರುವುದರಿಂದ ಅದೂ ಜೊತೆಗೇ ಮುಂದೆ ಬರುತ್ತದೆ, ಗೊರಕೆ ನಿಲ್ಲುತ್ತದೆ. ಕತ್ತು ಅಲುಗಿಸಬೇಕಾಗಿಲ್ಲ, ಹಾಗಾಗಿ ಕತ್ತಿನ ಮೂಳೆಯ ಸಂಶಯವಿದ್ದಲ್ಲಿ ಇದೇ ಮೊದಲ ಆಯ್ಕೆ. ಅದರ ಮೇಲೆ ಮಾಸ್ಕ್. ಎರಡೂ ಕೈಯ ಹೆಬ್ಬೆರಳುಗಳಿಂದ ಮಾಸ್ಕನ್ನು ಮುಖಕ್ಕೆ ಒತ್ತಿ, ಉಳಿದ ಬೆರಳುಗಳಿಂದ ಮುಖವನ್ನೇ ಮಾಸ್ಕಿನೊಳಕ್ಕೆ ಎತ್ತಿ ಹಿಡಿಯಬೇಕು. ಕೈ ಸೋಲುವ ಕೆಲಸ ಇದು. ಗಡ್ಡ ಇದ್ದರೆ, ಕೆನ್ನೆ ಒಳಸೇರಿದ ಮುದುಕರಾದರೆ, ಹಲ್ಲುಸೆಟ್ಟು ತೆಗೆದಿದ್ದರೆ ಗಾಳಿ ಸೋರುತ್ತದೆ. ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ 1956ರಲ್ಲಿ ರೂಪಿಸಿದ, ತಾನಾಗಿ ಉಬ್ಬಿಕೊಳ್ಳುವ ಅಂಬು ಬ್ಯಾಗ್ ಇಂದಿಗೂ ಪ್ರತಿ ಆಂಬುಲೆನ್ಸಿನ ಆಧಾರ. ವಯಸ್ಕರ ಬ್ಯಾಗು ಒಂದೂವರೆ ಲೀಟರ್ ಆಸುಪಾಸು, ರೋಗಿಗೆ ಬೇಕಾದದ್ದು ಅರ್ಧ ಲೀಟರ್. ಎದೆ ಏಳುವುದು ಕಂಡೊಡನೆ ಒತ್ತುವುದನ್ನು ನಿಲ್ಲಿಸಬೇಕು, ಆರು ಸೆಕೆಂಡಿಗೆ ಒಂದು ಸಲ ಸಾಕು. ಗಾಬರಿಯ ಕೈ ಅದನ್ನು ಸೆಕೆಂಡಿಗೊಮ್ಮೆ ಹಿಂಡುತ್ತದೆ. ಹೆಚ್ಚಾದ ಗಾಳಿ ಹೊಟ್ಟೆಗೆ ಹೋಗುತ್ತದೆ, ಹೊಟ್ಟೆ ಉಬ್ಬಿದರೆ ವಾಂತಿ, ವಾಂತಿಯಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅದಕ್ಕೇ ಗಂಟಲಿನ ರಕ್ತ, ವಾಂತಿಯನ್ನು ಹೀರಿ ತೆಗೆಯುವ ಸಕ್ಷನ್ ಯಂತ್ರ. ಆಂಬುಲೆನ್ಸಿನ ಪರಿಶೀಲನೆಯಲ್ಲಿ ಎಲ್ಲರೂ ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡುತ್ತಾರೆ, ಸಕ್ಷನ್ನಿನ ಬ್ಯಾಟರಿ ನೋಡುವವರು ಕಡಿಮೆ. ಮೂಗು ಬಾಯಿ ಒಡೆದು ರಕ್ತ ಉಕ್ಕುತ್ತಿರುವವನಿಗೆ ಎಳೆನೀರು ಕುಡಿಯುವ ಸ್ಟ್ರಾ ಗಾತ್ರದ ಸಕ್ಷನ್ ನಳಿಕೆ ಏನೇನೂ ಸಾಲದು, ದಪ್ಪ ಬಾಯಿಯದೇ ಬೇಕು. ಅದೂ ಕೈಗೂಡದಿದ್ದರೆ ರೋಗಿಯನ್ನು ಪಕ್ಕಕ್ಕೆ ಮಲಗಿಸಬೇಕು. ನಾರ್ವೆಯ ಆಂಬುಲೆನ್ಸ್ ಸೇವೆಗಳು ಕತ್ತು ಬೆನ್ನು ಒಂದೇ ಸಾಲಿನಲ್ಲಿಟ್ಟು ಪ್ರಜ್ಞೆಯಿಲ್ಲದ ಗಾಯಾಳುವನ್ನು ಮಗ್ಗುಲಿಗೆ ಮಲಗಿಸಿ ಒಯ್ಯುವ ಕ್ರಮವನ್ನೇ ರೂಢಿಗೆ ತಂದಿವೆ. ಬೆನ್ನುಹುರಿಯ ಭಯದಿಂದ ಎಲ್ಲರನ್ನೂ ಹಲಗೆಗೆ ಅಂಗಾತ ಕಟ್ಟುತ್ತಿದ್ದ ಕಾಲ ಹೋಗಿದೆ. ಪ್ರಜ್ಞೆ ಇದ್ದು ದವಡೆ ಒಡೆದವನಾದರೆ ಅವನು ಕೂತು ಮುಂದಕ್ಕೆ ಬಗ್ಗಿ ರಕ್ತ ಉಗಿಯುತ್ತಿರಲಿ ಬಿಡಿ. ಬಲವಂತವಾಗಿ ಮಲಗಿಸಿದರೆ ಉಸಿರುಗಟ್ಟುತ್ತದೆ.

ಆರ್ಥರ್ ಗೀಡೆಲ್ 1933ರಲ್ಲಿ ಕೊಟ್ಟ, ಬಾಯೊಳಗೆ ಹಾಕುವ ಏರ್‌ವೇ ಎಂಬ ಬಾಗಿದ ನಳಿಕೆ ನಾಲಿಗೆಯನ್ನು ಎತ್ತಿ ಹಿಡಿಯುತ್ತದೆ, ಹತ್ತಾರು ರೂಪಾಯಿಯ ಸಾಮಾನು. ಓಕರಿಕೆ ಇರುವವನಿಗೆ ಹಾಕಿದರೆ ವಾಂತಿಯಾಗಬಹುದು. ಅಂಥವನಿಗೆ, ದವಡೆ ಬಿಗಿದವನಿಗೆ, ಮೂಗಿನ ಮೂಲಕ ಹೋಗುವ ಮೆತ್ತನೆಯ ಏರ್‌ವೇ ಇದೆ. ಕಿವಿ ಮೂಗಿನಿಂದ ತಿಳಿನೀರು ಸುರಿಯುತ್ತಿದ್ದರೆ, ಎರಡೂ ಕಣ್ಣಿನ ಸುತ್ತ ಕಪ್ಪಾಗಿದ್ದರೆ ತಲೆಬುರುಡೆಯ ತಳ ಒಡೆದಿರಬಹುದು, ಆಗ ಮೂಗಿನ ದಾರಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಮಾಸ್ಕ್ ಮತ್ತು ಕೊಳವೆಯ ನಡುವೆ ಒಂದು ಮೂರನೆಯ ದಾರಿಯನ್ನು ತೆರೆದವರು ಲಂಡನ್ನಿನ ಆರ್ಚಿ ಬ್ರೇನ್. 1981ರಲ್ಲಿ ಅವರು ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಗಂಟಲೊಳಗೆ ಕುರುಡಾಗಿ ಇಳಿದು ಧ್ವನಿಪೆಟ್ಟಿಗೆಯ ಬಾಯಿಯನ್ನು ಸುತ್ತುವರಿದು ಕೂರುತ್ತದೆ. 2007ರಲ್ಲಿ ಬಂದ ಐ-ಜೆಲ್‌ಗೆ ಬಲೂನು ಉಬ್ಬಿಸುವ ಗೊಡವೆಯೂ ಇಲ್ಲ. ತರಬೇತಿ ಸುಲಭ, ಹಾಕಲು ಕೆಲವೇ ಸೆಕೆಂಡು. ಇಂಗ್ಲೆಂಡಿನಲ್ಲಿ 9,296 ಹೃದಯಸ್ತಂಭನದ ರೋಗಿಗಳ ಮೇಲೆ ಐ-ಜೆಲ್ ಮತ್ತು ಕೊಳವೆಯನ್ನು ಹೋಲಿಸಿ 2018ರಲ್ಲಿ ವರದಿಯಾದಾಗ ಫಲದಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಇದೇ ಜಾತಿಯ ಇನ್ನೊಂದು ಸಾಧನ ಕೊಳವೆಗಿಂತ ತುಸು ಮೇಲುಗೈ ಸಾಧಿಸಿತು. ಆದರೆ ನಿಂತ ಹೃದಯದ ರೋಗಿಯ ಗಂಟಲು ತಡೆಯೊಡ್ಡುವುದಿಲ್ಲ, ತಲೆಗಾಯದವನದು ಒಡ್ಡುತ್ತದೆ. ಮುಖ ಜಜ್ಜಿಹೋಗಿದ್ದರೆ ಅದು ಕೂರುವುದೂ ಇಲ್ಲ. ವಾಂತಿಯನ್ನು ಕೊಳವೆಯಷ್ಟು ಚೆನ್ನಾಗಿ ತಡೆಯುವುದೂ ಇಲ್ಲ. ಹೃದ್ರೋಗದ ಅಧ್ಯಯನವನ್ನು ತಂದು ಅಪಘಾತಕ್ಕೆ ಅಂಟಿಸುವವರು ಇದನ್ನು ಗಮನಿಸಬೇಕು.

ಎಲ್ಲ ದಾರಿಯೂ ಮುಚ್ಚಿದರೆ ಕತ್ತಿನ ಮುಂಭಾಗದಿಂದ ಒಳಹೋಗುವುದೊಂದೇ ಉಳಿಯುತ್ತದೆ. ಗಂಟಲ ಉಬ್ಬಿನ ಕೆಳಗೆ ಬೆರಳಿಗೆ ಸಿಗುವ ಸಣ್ಣ ತಗ್ಗಿನ ಪೊರೆಯನ್ನು ಬ್ಲೇಡಿನಿಂದ ಸೀಳಿ, ಬೂಜಿ ಎಂಬ ಉದ್ದನೆಯ ಕಡ್ಡಿ ತೂರಿಸಿ, ಅದರ ಮೇಲಿಂದ 6ನೇ ನಂಬರಿನ ಕೊಳವೆ ಇಳಿಸುವುದು. ಬ್ರಿಟನ್ನಿನ ತಜ್ಞರ ಸಂಘ 2015ರಲ್ಲಿ ಇದೊಂದನ್ನೇ ವಯಸ್ಕರಿಗೆ ಶಿಫಾರಸು ಮಾಡಿತು, ಬೇರೆ ನಾಜೂಕಿನ ಕಿಟ್‌ಗಳನ್ನು ಬದಿಗಿಟ್ಟಿತು. ಹೇಳುವುದಕ್ಕೆ ಮೂರು ಮಾತು, ಮಾಡುವುದು ಹಾಗಲ್ಲ. ಇರಾಕ್ ಅಫ್ಘಾನಿಸ್ತಾನಗಳಲ್ಲಿ ಅಮೆರಿಕನ್ ಸೇನೆಯ ಮೆಡಿಕ್‌ಗಳು ಮಾಡಿದ ಇಂಥ ಪ್ರಯತ್ನಗಳಲ್ಲಿ ಮೂರರಲ್ಲೊಂದು ವಿಫಲವಾಗಿತ್ತು. ಕೊಳವೆ ಹಾಕಲು, ಸ್ನಾಯು ಸಡಿಲಿಸುವ ಮದ್ದು ಕೊಡಲು ಅನುಮತಿ ಪಡೆದವನಿಗೆ ಇದು ಬರಲೇಬೇಕು, ಇಲ್ಲದಿದ್ದರೆ ಮದ್ದನ್ನು ಮುಟ್ಟಬಾರದು. ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪ್ ಅಮೆರಿಕದ 17 ತುರ್ತು ಮತ್ತು ತೀವ್ರ ನಿಗಾ ಘಟಕಗಳಲ್ಲಿ 2023ರಲ್ಲಿ ಮೊದಲ ಯತ್ನದ ಯಶಸ್ಸನ್ನು ಶೇ 70.8ರಿಂದ 85.1ಕ್ಕೆ ಏರಿಸಿತು. ಕ್ಯಾಮೆರಾಕ್ಕೆ ರಕ್ತ ಮೆತ್ತಿಕೊಂಡರೆ ಮಾತ್ರ ಹಳೆಯದೇ ಗತಿ.

ಕರ್ನಾಟಕದ 108 ಆಂಬುಲೆನ್ಸ್, ಅಂದರೆ ಆರೋಗ್ಯ ಕವಚ, ಶುರುವಾದದ್ದು 2008ರ ನವೆಂಬರ್ 1ರಂದು. ಗಾಡಿಯಲ್ಲಿ ಇಬ್ಬರು: ಚಾಲಕ, ಅವನನ್ನು ಪೈಲಟ್ ಎನ್ನುತ್ತಾರೆ, ಮತ್ತು ಒಬ್ಬ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ. ಗಾಡಿ ಹೊರಟ ಮೇಲೆ ಹಿಂದೆ ಉಳಿಯುವುದು ಇಎಂಟಿ ಒಬ್ಬನೇ. ಮೇಲೆ ಹೇಳಿದ ಕ್ರಮದ ಮಾಸ್ಕ್ ಎರಡು ಕೈಯಿಂದ ಹಿಡಿದ ಮಾಸ್ಕ್, ಇನ್ನೊಬ್ಬ ಬ್ಯಾಗ್ ಒತ್ತಬೇಕು. ಹಂಪು ಹಾರುವ ಗಾಡಿಯಲ್ಲಿ ಒಬ್ಬನೇ ಎಡಗೈಯಲ್ಲಿ ಮಾಸ್ಕ್ ಬಲಗೈಯಲ್ಲಿ ಬ್ಯಾಗ್ ಹಿಡಿದು, ನಡುವೆ ಸಕ್ಷನ್ನನ್ನೂ ಮಾಡಿ, ಆಸ್ಪತ್ರೆಗೆ ಫೋನಿನಲ್ಲಿ ವರದಿಯನ್ನೂ ಕೊಡಬೇಕು. ಪುಸ್ತಕದ ಮಾಸ್ಕೇ ಬೇರೆ, ನಮ್ಮ ಗಾಡಿಯ ಮಾಸ್ಕೇ ಬೇರೆ. ಹಾಗಾಗಿ ವಿದೇಶದ ಲೆಕ್ಕ ನೋಡಿ ಮಾಸ್ಕ್ ಸಾಕು ಎಂದುಬಿಡುವುದೂ ತಪ್ಪಾಗುತ್ತದೆ. ಪ್ರಜ್ಞೆ ಪೂರ್ತಿ ಹೋದ ರೋಗಿಗೆ ಐ-ಜೆಲ್ ಬಗೆಯ ಸಾಧನ ಒಂದು ಕೈಯನ್ನು ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಅದರ ಪರವಾದ ದೊಡ್ಡ ವಾದವೇ ಇದು. ದವಡೆ ಬಿಗಿದ, ತಾನಾಗಿ ಉಸಿರಾಡುತ್ತಿರುವ ರೋಗಿಗೆ ಮಗ್ಗುಲು, ಸಕ್ಷನ್, ಮೂಗಿನ ಏರ್‌ವೇ, ಆಕ್ಸಿಜನ್ ಕೊಟ್ಟು ಹೊರಡುವುದೇ ಸರಿ. ಜೊತೆಗೆ ಬಂದ ಸಂಬಂಧಿಕರಿಗೆ ಬ್ಯಾಗ್ ಒತ್ತುವುದನ್ನು ಅಲ್ಲೇ ತೋರಿಸಿಕೊಟ್ಟು, "ನಾನು ಒತ್ತಿ ಅಂದಾಗ ಒತ್ತಿ ಅಣ್ಣಾ" ಎಂದು ಕೆಲಸ ತೆಗೆದುಕೊಳ್ಳುವ ಇಎಂಟಿ ಯಾವ ಮಾರ್ಗಸೂಚಿಗೂ ಕಡಿಮೆಯವನಲ್ಲ.

ಹೆಲ್ಮೆಟ್ ನಮ್ಮ ಇನ್ನೊಂದು ತಾಪತ್ರಯ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇದ್ದರೆ ಬಾಯಿಯ ಹತ್ತಿರ ಹೋಗುವಂತಿಲ್ಲ, ಎಳೆದು ಕಿತ್ತರೆ ಕತ್ತು ಹೋಗಬಹುದು. ಒಬ್ಬ ಕತ್ತು ಮತ್ತು ದವಡೆಯನ್ನು ಕೆಳಗಿನಿಂದ ಆನಿಸಿ ಹಿಡಿದಿರಬೇಕು, ಇನ್ನೊಬ್ಬ ಪಟ್ಟಿ ಕತ್ತರಿಸಿ, ಹೆಲ್ಮೆಟನ್ನು ಎರಡೂ ಬದಿಗೆ ಅಗಲಿಸಿ, ಮೂಗು ದಾಟುವವರೆಗೆ ನಿಧಾನವಾಗಿ ಜಾರಿಸಬೇಕು.

ರಾಜ್ಯದ ನಾನಾ ಕಡೆಯಿಂದ ನಿಮ್ಹಾನ್ಸ್‌ಗೆ, ಹುಬ್ಬಳ್ಳಿಗೆ, ಮಂಗಳೂರಿಗೆ ಗಂಟೆಗಟ್ಟಲೆ ದಾರಿಯಲ್ಲಿ ಬರುವ ತಲೆಗಾಯದ ರೋಗಿಗಳಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲೇ ಕೊಳವೆ ಹಾಕಿರುತ್ತಾರೆ. ಅಲ್ಲಿ ಹಾಕುವುದು ಸರಿ, ಬೆಳಕಿದೆ, ಅರಿವಳಿಕೆ ತಜ್ಞರಿದ್ದಾರೆ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಕೊಳವೆ ಜಾರಿದರೆ ತಿಳಿಯುವುದು ಹೇಗೆ? ಕೊಳವೆ ಇರುವ ಯಾವ ರೋಗಿಯನ್ನೂ ಕ್ಯಾಪ್ನೋಗ್ರಾಫ್ ಇಲ್ಲದ ಗಾಡಿಯಲ್ಲಿ ಕಳಿಸಬಾರದು ಎಂಬ ಒಂದೇ ಆದೇಶವನ್ನು ಆರೋಗ್ಯ ಇಲಾಖೆ ಹೊರಡಿಸಿ ಅದರಂತೆ ನಡೆಸಿದರೆ ನಾಲ್ಕು ವಿಚಾರ ಸಂಕಿರಣಗಳಿಗಿಂತ ಹೆಚ್ಚು ಪ್ರಯೋಜನ. ತುರ್ತು ವೈದ್ಯಕೀಯ ತಂತ್ರಜ್ಞರನ್ನು ನೋಂದಾಯಿತ ವೃತ್ತಿಪರರೆಂದು ಗುರುತಿಸುವ ಕೇಂದ್ರ ಕಾನೂನು 2021ರಲ್ಲೇ ಬಂದಿದೆ. ಅವರಿಗೆ ವರ್ಷಕ್ಕೆ ಕೆಲವು ದಿನ ಆಪರೇಷನ್ ಥಿಯೇಟರಿನಲ್ಲಿ ನಿಜವಾದ ಮುಖದ ಮೇಲೆ ಮಾಸ್ಕ್ ಹಿಡಿಯುವ ಅವಕಾಶ ಕೊಡಬೇಕು. ಗೊಂಬೆಯ ಮೇಲೆ ಕಲಿತ ಕೈಗೆ ಗಡ್ಡ, ಬೆವರು, ರಕ್ತ ಗೊತ್ತಿರುವುದಿಲ್ಲ. ಕೊಳವೆ ಹಾಕುವ ಅನುಮತಿ ಎಲ್ಲ ಇಎಂಟಿಗಳಿಗೂ ಬೇಡ. ತಿಂಗಳು ತಿಂಗಳು ಹಾಕುವ, ಲೆಕ್ಕ ಒಪ್ಪಿಸುವ ಕೆಲವೇ ತಂಡಗಳಿಗೆ ಇರಲಿ.

ಓದುಗರಿಗೆ ಒಂದು ಮಾತು. ಅಪಘಾತವಾದವರಿಗೆ ಸಹಾಯ ಮಾಡಿದವರನ್ನು ಪೊಲೀಸರು ಸತಾಯಿಸುವಂತಿಲ್ಲ. 2016ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮಿನಲ್ಲಿ ಆ ರಕ್ಷಣೆ ಬರೆದಿದೆ. 108ಕ್ಕೆ ಫೋನ್ ಮಾಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ತಲೆಯ ಕೆಳಗೆ ಬ್ಯಾಗು ದಿಂಬು ಇಡಬೇಡಿ. ಆಟೋದ ಸೀಟಿನಲ್ಲಿ ಕೂರಿಸಿ ಗಲ್ಲ ಎದೆಗೆ ಬಾಗುವ ಹಾಗೆ ಒಯ್ಯಬೇಡಿ, ಹಾಗೆ ಬಾಗಿದ ಕತ್ತಿನಲ್ಲಿ ಗಾಳಿಯ ದಾರಿ ಮುಚ್ಚುತ್ತದೆ. ಗೊರಕೆ ಕೇಳಿಸಿದರೆ ದವಡೆಯನ್ನು ಮುಂದಕ್ಕೆತ್ತಿ ಹಿಡಿಯಿರಿ. ಗೊಳಗೊಳ ಎಂದರೆ ಇಬ್ಬರು ಮೂವರು ಸೇರಿ ತಲೆ, ಕತ್ತು, ಮೈ ಒಂದೇ ಸಾಲಿನಲ್ಲಿರುವಂತೆ ಮಗ್ಗುಲಿಗೆ ಹೊರಳಿಸಿ, ಆಂಬುಲೆನ್ಸಿನವರು ಬಂದು ಕೈ ಬದಲಿಸುವವರೆಗೆ ಹಾಗೇ ಹಿಡಿದುಕೊಂಡಿರಿ.